ಮಂಚಕ್ಕೆ ಕಾಲು ಬೆಳೆದ ವಾರ

ಮೂವತ್ತಾರನೆಯ ವಾರ ಆನೆಕೆ ಬಂದು
ಟೇಪು ಹಿಡಿದು ಅಳೆದಳು,
ನನ್ನನ್ನಲ್ಲ, ಮಂಚವನ್ನು.
"ನಲವತ್ತಾರು ಸೆಂಟಿಮೀಟರ್. ಸಾಲದು.
ಎಂಬತ್ತು ಬೇಕು. ಎಂಟು ದಿನ ಬಗ್ಗಿ ಏಳಬೇಕಲ್ಲ,
ದಾದಿಯ ಸೊಂಟಕ್ಕೂ ಒಂದು ಕಾನೂನಿದೆ."
ಆ ಮಾತಿಗೆ ಒಳಗಿನದು ಒದೆಯಿತೋ
ನಾನೇ ನಕ್ಕೆನೋ.

ಇವಳು ಸಿಕ್ಕಿದ್ದೇ ಹೆಚ್ಚು.
ಬಾಣಂತಿಯ ಆರೈಕೆಗೆ ಇಲ್ಲೊಂದು ಪದವಿದೆ, ಕ್ರಾಮ್‌ಜೋರ್ಗ್,
ಮೀನಿನ ಮುಳ್ಳಿನಂತೆ ಗಂಟಲಿಗೆ ಅಡ್ಡ ನಿಲ್ಲುತ್ತದೆ.
ಅದನ್ನು ಉಗುಳದೆ ನುಂಗದೆ
ಮೂರು ಕಚೇರಿಗೆ ಫೋನು ಮಾಡಿದೆ.
"ಏಳನೇ ತಿಂಗಳೇ? ಈಗ ಕೇಳುತ್ತೀರಾ?"
ಈ ದೇಶದಲ್ಲಿ ಬಸಿರನ್ನು ಗಂಡನಿಗೆ ಹೇಳುವ ಮುನ್ನ
ದಾದಿಗೆ ಹೇಳಬೇಕಂತೆ.

ಜುರಾಬ್ ಬಾಡಿಗೆಯಂಗಡಿಯಿಂದ
ನಾಲ್ಕು ಕಬ್ಬಿಣದ ಕಾಲು
ಸೈಕಲ್ಲಿನ ಹಿಂದೆ ಕಟ್ಟಿ ತಂದ,
ಗ್ರೋನಿಂಗನ್ನಿನ ಎದುರುಗಾಳಿಯಲ್ಲಿ, ಎರಡು ಸಲ.
ಆ ರಾತ್ರಿ ಮಂಚ ಹತ್ತಲು ಸ್ಟೂಲು ಬೇಕಾಯಿತು.
ಮೇಲೆ ಮಲಗಿದರೆ ಕಾಲುವೆ ಕಾಣುತ್ತದೆ,
ಕಾಲುವೆಯಾಚೆ ಮುದುಕ ಹೆಂಕನ ಊಟದ ಮೇಜು,
ಮೇಜಿನ ಮೇಲಿನ ಉಪ್ಪಿನ ಡಬ್ಬಿ ಕೂಡ.
ಇಲ್ಲಿ ಯಾರೂ ಪರದೆ ಎಳೆಯುವುದಿಲ್ಲ.

"ಹೆರಿಗೆ ಎಲ್ಲಿ? ಮನೆಯಲ್ಲೋ ಆಸ್ಪತ್ರೆಯಲ್ಲೋ?"
ಚಹಾವೋ ಕಾಫಿಯೋ ಎಂಬಷ್ಟು ಹಗುರಾಗಿ
ಸೂಲಗಿತ್ತಿ ಕೇಳಿದ್ದಳು.

ನನ್ನಮ್ಮನನ್ನು ಯಾರೂ ಕೇಳಿರಲಿಲ್ಲ.
ಕುಟೈಸಿಯ ಹೆರಿಗೆಮನೆ, ಮೂರನೆಯ ಮಹಡಿ,
ಏಳು ದಿನ ಬಾಗಿಲಿಗೆ ಬೀಗ,
ಗಂಡಸರೆಲ್ಲ ಕೆಳಗೆ, ಹಿಮದಲ್ಲಿ.
ರೊಟ್ಟಿಯ ಸಾಲಿನಿಂದ ನೇರ ಬಂದ ಅಪ್ಪ
ಕತ್ತು ಮೇಲೆತ್ತಿ "ಮಾನಾನಾ!" ಎಂದು ಕೂಗಿದರೆ
ಅಮ್ಮ ಗಾಜಿಗೆ ಒಂದು ಬಿಳಿ ಗಂಟು ಒತ್ತಿ ತೋರಿಸಿದಳು.
ಅಪ್ಪ ಅತ್ತ, ಟೋಪಿ ಬೀಸಿದ,
ರೊಟ್ಟಿ ಕೆಸರಿಗೆ ಬಿತ್ತು.
ಅದು ಪಕ್ಕದ ಹಾಸಿಗೆಯವಳ ಮಗು.
ನಾನು ಕಾಮಾಲೆಯಾಗಿ ದೀಪದ ಕೆಳಗಿದ್ದೆ.
ಅಮ್ಮ ಇದನ್ನು ಹೇಳಿದ್ದು
ಹದಿನೆಂಟು ವರ್ಷದ ಮೇಲೆ.

"ಆಸ್ಪತ್ರೆ," ಎಂದೆ ನಾನು. "ಬೆನ್ನಿಗೆ ಸೂಜಿ."
ಬರೆದುಕೊಂಡಳು.

ಬರೆದದ್ದು ಬರೆದ ಹಾಗೇ ಉಳಿಯಿತು.
ನೋವು ಹತ್ತಿದ್ದು ಬೆಳಗಿನ ಮೂರಕ್ಕೆ, ಒಂದೇ ಓಟ.
ಈ ಮನೆಯ ಮೆಟ್ಟಿಲು ಏಣಿಯ ಖಾಸಾ ತಮ್ಮ.
ಸೂಲಗಿತ್ತಿ ಒಮ್ಮೆ ಮೆಟ್ಟಿಲು ನೋಡಿದಳು, ಒಮ್ಮೆ ನನ್ನನ್ನು.
ಕೋಟು ಬಿಚ್ಚಿ ಬಾಗಿಲಿನ ಗೂಟಕ್ಕೆ ಹಾಕಿದಳು.
ಆಗಲೇ ತಿಳಿಯಿತು ನನಗೆ.

ಎರಡು ವರ್ಷ ಕಲಿತ ಡಚ್ಚು
ಎರಡೇ ನಿಮಿಷದಲ್ಲಿ ಹೋಯಿತು.
"ದೇದಾ! ದೇದಾ!" ಎಂದು ಕಿರುಚಿದೆ.
"ಯಾರದು ದೇದಾ?" ಅವಳು ಜುರಾಬನನ್ನು ಕೇಳಿದಳು.
"ಅಮ್ಮ," ಎಂದ, ಬಿಳಿಚಿಕೊಂಡು,
ಒಂದು ಕೈ ನನ್ನ ಹಿಡಿಯಲ್ಲಿ,
ಇನ್ನೊಂದು ಎಲ್ಲಿಡಬೇಕೆಂದು ತಿಳಿಯದೆ
ಮಂಚದ ಕಬ್ಬಿಣದ ಕಾಲು ಹಿಡಿದಿದ್ದ.

ಬಂದಳು. ಕಪ್ಪು ಕೂದಲು, ಸಿಟ್ಟಿನ ಮೋರೆ.
ಒರೆಸಿ ಸುತ್ತಿ "ಹೋಗು, ಮಾಮಾ ಹತ್ತಿರ" ಎಂದಳು ಸೂಲಗಿತ್ತಿ.
ಜುರಾಬ್ ಎರಡೂ ಕೈ ಚಾಚಿದ.
ನಮ್ಮ ಭಾಷೆಯಲ್ಲಿ ಮಾಮಾ ಎಂದರೆ ಅಪ್ಪ.
ಯಾರೂ ತಿದ್ದಲಿಲ್ಲ.

ಎಂಟು ದಿನ ಆನೆಕೆ ಸೊಂಟ ಬಗ್ಗಿಸದೆ
ನನ್ನ ಹೊಲಿಗೆ ನೋಡಿದಳು, ಜ್ವರ ನೋಡಿದಳು,
ಒಣರೊಟ್ಟಿಗೆ ಬೆಣ್ಣೆ ಸವರಿ
ಸಕ್ಕರೆ ಸೋಂಪು ಚೆಲ್ಲಿ ಬಂದವರಿಗೆಲ್ಲ ಕೊಟ್ಟಳು.
ನಾನು ಅತ್ತ ಮಧ್ಯಾಹ್ನ ಮಾತ್ರ
ಏನೂ ಬರೆದುಕೊಳ್ಳದೆ ಬಟ್ಟೆ ಮಡಚಿದಳು.

ಒಂಬತ್ತನೆಯ ದಿನ ಮಂಚ ನೆಲಕ್ಕಿಳಿಯಿತು.
ಜುರಾಬ್ ಕಾಲುಗಳನ್ನು ಸೈಕಲ್ಲಿಗೆ ಕಟ್ಟಿ
ಬೀದಿಯಿಂದ ಕೂಗಿದ: "ತಮ್ತಾ! ಒಂದು ಸಲ ತೋರಿಸು!"
ಆಗಷ್ಟೇ ಮಲಗಿದ್ದಳು, ರಾತ್ರಿಯಿಡೀ ಅತ್ತು.
ಎಬ್ಬಿಸಲೆ?
ಉಣ್ಣೆಯ ಚೀಲದ ಬಿಸಿನೀರಿನ ಬಾಟಲಿ
ಬಿಳಿ ಟವೆಲಿನಲ್ಲಿ ಸುತ್ತಿ ಗಾಜಿಗೆ ಎತ್ತಿ ಹಿಡಿದೆ.
ಅವನು ಎರಡೂ ಕೈ ಬೀಸಿದ, ಸೈಕಲ್ಲು ವಾಲಿತು,
ಕಬ್ಬಿಣ ಬೀದಿಗೆಲ್ಲ ಸದ್ದು ಮಾಡಿತು.

ಕಾಲುವೆಯಾಚೆ ಹೆಂಕ
ಚಮಚ ಬಾಯಿಗೆ ಒಯ್ಯುವುದನ್ನು ನಿಲ್ಲಿಸಿ
ನನ್ನ ಕೈಯ ಗಂಟನ್ನು ನೋಡಿದ,
ಹಿಂದೆ ತೊಟ್ಟಿಲನ್ನು ನೋಡಿದ,
ಮತ್ತೆ ತಲೆ ತಗ್ಗಿಸಿ
ಸೂಪಿಗೆ ಉಪ್ಪು ಉದುರಿಸಿಕೊಂಡ.